ಬರೆಯುವ ಹೆಸರು, ಕರೆಯುವ ಹೆಸರು

ಎರ್ಲಾಖ್ ಹಳ್ಳಿಯಲ್ಲಿ ಪ್ರತಿಯೊಬ್ಬರಿಗೂ ಎರಡು ಹೆಸರು. ಒಂದು ಬರೆಯುವ ಹೆಸರು, ಇನ್ನೊಂದು ಕರೆಯುವ ಹೆಸರು. ಬರೆಯುವ ಹೆಸರು ಪಾದ್ರಿಗೆ ಬೇಕು, ತೆರಿಗೆಯವನಿಗೆ ಬೇಕು, ಸೈನ್ಯಕ್ಕೆ ಬೇಕು, ಕೊನೆಗೆ ಗೋರಿಕಲ್ಲಿಗೆ ಬೇಕು. ಮಿಕ್ಕ ಬದುಕೆಲ್ಲ ನಡೆಯುವುದು ಕರೆಯುವ ಹೆಸರಿನ ಮೇಲೆ. ಅದು ಮನುಷ್ಯನದಲ್ಲ, ಮನೆಯದು. ಗಿರಣಿಮನೆಗೆ ಮದುವೆಯಾಗಿ ಬಂದವಳು ಸಾಯುವ ತನಕ ಗಿರಣಿಮನೆ ಸೂಸಿ. ಅವಳು ಬರೆಯುವುದು ಏನಂತ ಎಂದು ಕೇಳಿದರೆ ಅವಳ ಗಂಡನೇ ಒಂದು ಗಳಿಗೆ ತಲೆ ಕೆರೆದುಕೊಳ್ಳುತ್ತಾನೆ.

ಈ ಕಾಡುಸೀಮೆಯ ಉದ್ದಕ್ಕೂ ಇದೇ ಪದ್ಧತಿ. ಆದ್ದರಿಂದ ಗುಡ್ಡದಾಚೆಯ ರೀಡ್ ಎಂಬ ಹಳ್ಳಿಯಲ್ಲಿ ಬಾವಿಮನೆಯವರು ಬರೆಯುವುದು ಏನಂತ ಎಂದು ಬಹಳ ಕಾಲ ಯಾರೂ ಯೋಚಿಸಿರಲೇ ಇಲ್ಲ. ಆ ಹೆಸರನ್ನು ಇಲ್ಲಿ ಬರೆಯುವುದು ಬೇಡ. ಬರೆಯದಿದ್ದರೂ ಎಲ್ಲರಿಗೂ ಗೊತ್ತಿರುವ ಹೆಸರು ಅದು. ಯುದ್ಧ ಮುಗಿದು ಒಂದೂವರೆ ವರ್ಷವಾಗಿತ್ತು. ಹಿಂದೆ ಅದೇ ಹೆಸರಿಗೆ ಕೈ ಎತ್ತಿ ಎತ್ತಿ ಹೆಗಲು ನೋಯಿಸಿಕೊಂಡಿದ್ದ ಜನರೇ ಈಗ ಅದು ಕಿವಿಗೆ ಬಿದ್ದರೆ, ಅದ್ಯಾವ ದೇಶದ ಭಾಷೆಯೋ ಎಂಬಂತೆ ಮುಖ ಮಾಡುತ್ತಿದ್ದರು. ಬಾವಿಮನೆಯವರದ್ದಕ್ಕೂ ಸತ್ತುಹೋದ ಆ ಸರ್ವಾಧಿಕಾರಿಯದ್ದಕ್ಕೂ ಒಂದಕ್ಷರ ವ್ಯತ್ಯಾಸವಿತ್ತು. ಆದರೆ ಅದು ಕಣ್ಣಿಗೆ ಮಾತ್ರ. ಈ ಸೀಮೆಯ ನಾಲಿಗೆಯಲ್ಲಿ ಎರಡೂ ಒಂದೇ.

ಬಾವಿ ಇರುವ ತನಕ ತೊಂದರೆ ಇರಲಿಲ್ಲ. ಸೈನ್ಯಕ್ಕೆ ಗುಂಡು ಹಾರಿಸಿ ಕಲಿಯಲು ಜಾಗ ಬೇಕೆಂದು ಯುದ್ಧಕ್ಕೆ ಮುಂಚೆ ಸರ್ಕಾರ ರೀಡ್ ಹಳ್ಳಿಯನ್ನೇ ಎತ್ತಿಸಿತು. ಮನೆ ಹೋಯಿತು, ಬಾವಿ ಹೋಯಿತು, ಅವುಗಳ ಹಿಂದೆಯೇ ಕರೆಯುವ ಹೆಸರೂ ಹೋಯಿತು. ಎರ್ಲಾಖಿಗೆ ಬಂದಿಳಿದವರ ಕೈಯಲ್ಲಿ ಉಳಿದದ್ದು ಬರೆಯುವ ಹೆಸರೊಂದೇ. ಈಗ ಆ ಮನೆತನದಲ್ಲಿ ಉಳಿದವರು ಇಬ್ಬರು: ಸೆನ್ಸಿ ಅಜ್ಜಿ ಮತ್ತು ಅವಳ ಮೊಮ್ಮಗ ಬರ್ಟಲ್. ಬರ್ಟಲ್ ಬಡಗಿ ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಮಿತ. ಅವನನ್ನು ಕರೆಯಬೇಕಾದಾಗ ಊರಿನವರು "ಏ" ಎನ್ನುತ್ತಿದ್ದರು, "ಗಿರಣಿ ಪಕ್ಕದವ" ಎನ್ನುತ್ತಿದ್ದರು. ಗಿರಣಿಯ ಯಜಮಾನನಂತೂ ಶಿಳ್ಳೆ ಹೊಡೆಯುತ್ತಿದ್ದ, ನಾಯಿಯನ್ನು ಕರೆದ ಹಾಗೆ. ಬರ್ಟಲ್ ಅದಕ್ಕೂ ತಿರುಗಿ ನೋಡುವುದನ್ನು ಕಲಿತಿದ್ದ.

ಈ ಬರ್ಟಲನನ್ನು ಮದುವೆಯಾಗುತ್ತೇನೆ ಎಂದು ಗಂಡ ತೀರಿಹೋಗಿದ್ದ ದಿಬ್ಬದಮನೆ ಓಟಿಲಿಯ ಮಗಳು ಬುರ್ಗಿ ಹೇಳಿದ್ದು ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ. ತಾಯಿ ಮಗಳು ಅಡುಗೆಮನೆಯಲ್ಲಿ ಗಸಗಸೆಯ ಒಣ ಬುರುಡೆಗಳನ್ನು ಗುಡ್ಡೆ ಹಾಕಿಕೊಂಡು, ಒಂದೊಂದರ ತಲೆ ಕೊಯ್ದು, ಬೋಗುಣಿಗೆ ಕಾಳು ಉದುರಿಸುತ್ತ ಕೂತಿದ್ದರು.

"ಯಾವ ಬರ್ಟಲ್?" ಎಂದಳು ಓಟಿಲಿ. ಗೊತ್ತಿದ್ದೇ ಕೇಳಿದಳು.

"ಊರಲ್ಲಿ ಬರ್ಟಲ್‌ಗಳ ಸಂತೆ ನೆರೆದಿದೆಯಾ? ಬೇಸಿಗೇಲಿ ನಮ್ಮ ಕೊಟ್ಟಿಗೆಗೆ ಮಾಡು ಹಾಕಿದನಲ್ಲ, ಅದೇ ಬರ್ಟಲ್. ಆಗ ಏನಂದೆ ನೀನು? 'ಕೈ ಅಂದ್ರೆ ಇದು' ಅಂದೆ."

"ಕೈಗೆ ನಾನೇನೂ ಅನ್ನಲ್ಲ."

"ಮತ್ತೆ?"

ಓಟಿಲಿ ಬುರುಡೆಯನ್ನು ಬೋಗುಣಿಯ ಅಂಚಿಗೆ ಬೇಕಾದ್ದಕ್ಕಿಂತ ಜೋರಾಗಿ ಕುಟ್ಟಿದಳು. "ನಾಳೆ ನೀನು ಬರೆಯೋದು ಏನಂತ? ನಿನ್ನ ಮಕ್ಕಳು ಬರೆಯೋದು ಏನಂತ?"

"ಒಂದಕ್ಷರ ಬೇರೆ ಇದೆ ಅಮ್ಮ."

"ಅಕ್ಷರ ಯಾರಿಗೆ ಕೇಳ್ಸತ್ತೆ? ಚರ್ಚಲ್ಲಿ ಪಾದ್ರಿ ಓದೋವಾಗ ಅಕ್ಷರ ಕೇಳ್ಸತ್ತಾ?"

ಇದು ನಿಜವಾದ ಮಾತು. ಮದುವೆಗೆ ಮುಂಚೆ ಭಾನುವಾರದ ಪೂಜೆಯಲ್ಲಿ ಗಂಡು ಹೆಣ್ಣಿನ ಬರೆಯುವ ಹೆಸರುಗಳನ್ನು ಪಾದ್ರಿ ಪೀಠದ ಮೇಲಿಂದ ಗಟ್ಟಿಯಾಗಿ ಓದಬೇಕು, ಆಕ್ಷೇಪವಿದ್ದವರು ಹೇಳಲಿ ಎಂದು. ಓದದೆ ಮದುವೆಯಿಲ್ಲ.

ಆ ಪೀಠದಿಂದ ಆ ಹೆಸರನ್ನು ಓಟಿಲಿ ಒಮ್ಮೆ ಕೇಳಿದ್ದಳು. ಅವಳ ಮಗ ಫ್ಲೋರಿ ರಷ್ಯದ ಹಿಮದಲ್ಲಿ ಸತ್ತ ಸುದ್ದಿ ಬಂದ ವಾರ, ಸೈನ್ಯದವರು ಕಳಿಸಿದ ಒಕ್ಕಣೆಯನ್ನು ಓದಲೇಬೇಕೆಂದು ಅಪ್ಪಣೆಯಾಗಿತ್ತು. ನಾಯಕನಿಗಾಗಿ ಪ್ರಾಣ ಕೊಟ್ಟ ಎಂದು, ಆ ಹೆಸರನ್ನೂ ಅವಳ ಮಗನ ಹೆಸರನ್ನೂ ಪಾದ್ರಿ ಒಂದೇ ಉಸಿರಿನಲ್ಲಿ ಓದಿದ್ದ. ಫ್ಲೋರಿ ಪ್ರಾಣ ಕೊಡಲು ಹೋದವನಲ್ಲ. ಆಲೂಗಡ್ಡೆ ಸಾಲು ನೆಡುವುದನ್ನು ಅರ್ಧಕ್ಕೆ ಬಿಟ್ಟು, ಎಳೆದುಕೊಂಡು ಹೋದವರ ಹಿಂದೆ ಹೋದವನು. ಅಂದಿನಿಂದ ಆ ಹೆಸರೆಂದರೆ ಓಟಿಲಿಗೆ ಮಗನನ್ನು ನುಂಗಿದ ಬಾಯಿ. ಅದೇ ಚರ್ಚಿನಲ್ಲಿ, ಅದೇ ಬೆಂಚಿನಲ್ಲಿ ಕೂತು, ಈ ಸಲ ಮಗಳ ಹೆಸರಿನ ಪಕ್ಕದಲ್ಲಿ ಅದನ್ನು ಕೇಳಿಸಿಕೊಳ್ಳುವುದು ಅವಳಿಂದ ಆಗದ ಮಾತಾಗಿತ್ತು.

ಬುರ್ಗಿಗೆ ಅದು ಗೊತ್ತಿತ್ತು. ಆದರೂ ಅವಳು ದಿಬ್ಬದಮನೆಯ ಹುಡುಗಿ, ಹಟದವಳು. "ನೀನು ಒಪ್ಪದೆ ಆಗಲ್ಲ. ಅವನನ್ನ ಬಿಟ್ಟು ಬೇರೆಯವರನ್ನೂ ಆಗಲ್ಲ. ಇಲ್ಲೇ ಕೂತು ಗಸಗಸೆ ಕುಟ್ಕೊಂಡು ಮುದುಕಿ ಆಗ್ತೀನಿ, ಆಗಬಹುದಾ?" ಎಂದು ಎದ್ದು ಹೋದಳು.

ಬಾಗಿಲು ಬಡಿದುಕೊಂಡ ಸದ್ದು ನಿಂತ ಮೇಲೆ ಗುಡ್ಡದಾಚೆಯ ತೋಪುಗಳ ಸದ್ದು ಕೇಳಿಸಿತು. ರೀಡ್ ಇದ್ದ ಆ ಜಾಗ ಈಗ ಯುದ್ಧ ಗೆದ್ದ ರಷ್ಯನ್ನರ ಕೈಯಲ್ಲಿತ್ತು. ಬಾವಿಮನೆಯ ಗೋಡೆ ಏನಾದರೂ ಉಳಿದಿದ್ದರೆ ಅವರೂ ಅದಕ್ಕೇ ಗುರಿಯಿಟ್ಟು ಕಲಿಯುತ್ತಿದ್ದರು.

ಮಾರನೆಯ ದಿನ ಬರ್ಟಲನೇ ಬಂದ. ಹೊಸಿಲ ಹೊರಗೆ ಬೂಟು ಬಿಚ್ಚಿ, ಟೋಪಿ ಕೈಯಲ್ಲಿ ಹಿಡಿದು ನಿಂತ. ಓಟಿಲಿ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

"ನಿನ್ನ ಮೇಲೆ ನನಗೆ ಕೋಪ ಇಲ್ಲ ಕಣಪ್ಪ. ಇದ್ದಿದ್ರೆ ಮಾಡು ಹಾಕೋಕೆ ಕರೀತಿದ್ನಾ?"

"ಗೊತ್ತಮ್ಮ."

"ಕಚೇರೀಲಿ ಅರ್ಜಿ ಕೊಟ್ರೆ ಹೆಸರು ಬದಲಾಯಿಸಿ ಕೊಡ್ತಾರಂತೆ. ಈಗ ಕೇಳಿದ ತಕ್ಷಣ ಕೊಡ್ತಾರಂತೆ, ಅವರಿಗೂ ಆ ಹೆಸರು ಸಾಕಾಗಿದೆ. ಬದಲಾಯಿಸ್ಕೊಂಡು ಬಾ. ಮದುವೆ ಖರ್ಚು ನಂದು."

"ಯಾವ ಹೆಸರಿಗೆ?"

"ಯಾವ್ದಾದ್ರೂ. ಅದೊಂದು ಬಿಟ್ಟು."

ಬರ್ಟಲ್ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. "ಆಗ್ಲಿ ಅಮ್ಮ" ಎಂದ. ಇಷ್ಟು ಬೇಗ ಒಪ್ಪುತ್ತಾನೆಂದು ಓಟಿಲಿ ಎಣಿಸಿರಲಿಲ್ಲ. ವಾದ ಮಾಡಲು ಕಟ್ಟಿಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿದು, ಗೆದ್ದ ಖುಷಿಯೂ ಆಗಲಿಲ್ಲ. ಅವನು ಬೂಟು ಹಾಕಿಕೊಳ್ಳುವಾಗ ಒಲೆಯ ಮೇಲಿದ್ದ ಆಲೂಗಡ್ಡೆ ಕಡುಬುಗಳಲ್ಲಿ ನಾಲ್ಕನ್ನು ಬಟ್ಟೆಯಲ್ಲಿ ಕಟ್ಟಿ, "ಅಜ್ಜಿಗೆ" ಎಂದು ಕೊಟ್ಟಳು.

ಕಡುಬು ಕಟ್ಟಿದ್ದ ಬಟ್ಟೆಯನ್ನು ವಾಪಸ್ಸು ಕೊಡುವ ನೆಪದಲ್ಲಿ ಸೆನ್ಸಿ ಅಜ್ಜಿ ಎರಡು ದಿನ ಬಿಟ್ಟು ಬಂದಳು. ಎಂಬತ್ತರ ಹತ್ತಿರದ ಮುದುಕಿ, ಕಿವಿ ಮಂದ, ನಾಲಿಗೆ ಮಾತ್ರ ಚುರುಕು. ಗಿರಣಿಯಿಂದ ದಿಬ್ಬದ ತನಕ ಕೋಲೂರಿಕೊಂಡು ಹತ್ತಿ ಬಂದಿದ್ದಳು. ಬಂದವಳೇ ಬೆಂಚಿನ ಮೇಲೆ ಕೂತು, ಯಾರೂ ಹೇಳದೆಯೇ ಒಂದು ಚಾಕು ಎತ್ತಿಕೊಂಡು ಗಸಗಸೆ ಬುರುಡೆ ಕೊಯ್ಯತೊಡಗಿದಳು.

"ಇರಲಿ ಬಿಡಿ ಸೆನ್ಸಮ್ಮ" ಎಂದಳು ಓಟಿಲಿ, ಅಜ್ಜಿಯ ಕಿವಿಯ ಹತ್ತಿರ ಬಾಗಿ.

"ಕೈ ಸುಮ್ನಿದ್ರೆ ನನ್ನ ಬಾಯಿ ಕೆಡತ್ತೆ. ಕೂತ್ಕೋ ನೀನೂ. ಜಗಳಕ್ಕೆ ಬಂದಿಲ್ಲ."

ಓಟಿಲಿ ಕೂತಳು. ಬುರ್ಗಿ ದನಕ್ಕೆ ಹುಲ್ಲು ಹಾಕಲು ಹೋಗಿದ್ದಳು. ಮನೆಯಲ್ಲಿ ಇಬ್ಬರೇ.

"ಹುಡುಗ ನಾಡಿದ್ದು ಕಚೇರಿಗೆ ಹೋಗ್ತಾನಂತೆ," ಎಂದಳು ಅಜ್ಜಿ. "ಏನಂತ ಬರೆಸ್ತೀಯೋ ಅಂದೆ. ಗುಮಾಸ್ತ ಕೊಟ್ಟಿದ್ದು ಅಂದ. ಅಂಗಡೀಲಿ ಮೊಳೆ ತಗೊಂಡ ಹಾಗೆ. ಆಗ್ಲಿ. ನಾನು ಬೇಡ ಅನ್ನಲ್ಲ. ನನಗೆ ಮೊಮ್ಮಗಳಂಥ ಸೊಸೆ ಬರೋದು ಮುಖ್ಯ. ಆದ್ರೆ ಈ ಕೆಲಸ ನಾನು ಒಂದ್ಸಲ ಕಣ್ಣಾರೆ ನೋಡಿದ್ದೀನಿ ಓಟಿಲಿ. ಅದನ್ನ ನಿನಗೆ ಹೇಳಿ ಹೋಗೋಣ ಅಂತ ಬಂದೆ."

"ಯಾವ ಕೆಲಸ?"

"ಹೆಸರು ಬದಲಾಯಿಸೋ ಕೆಲಸ. ಆ ಮನುಷ್ಯನ ಅಪ್ಪನದು."

ಓಟಿಲಿಯ ಚಾಕು ನಿಂತಿತು. ಆ ಸರ್ವಾಧಿಕಾರಿಯ ಕುಟುಂಬದ ಬೇರು ರೀಡ್ ಕಡೆಯದು ಎಂದು ಊರೆಲ್ಲ ಪಿಸುಗುಡುತ್ತಿತ್ತು. ಮುಖಕ್ಕೆ ಮುಖ ಕೊಟ್ಟು ಹೇಳಿದವರು ಇರಲಿಲ್ಲ.

"ನಾನಾಗ ಇಷ್ಟುದ್ದ," ಎಂದು ಅಜ್ಜಿ ಬೆಂಚಿನ ಎತ್ತರಕ್ಕೆ ಕೈ ಹಿಡಿದಳು. "ಬಾವಿಮನೇಲಿ ಹೆಬ್ಬಾತು ಕಾಯೋ ಹುಡುಗಿ. ಅಲ್ಲಿಗೇ ಸೊಸೆ ಆಗಿದ್ದು ಆಮೇಲೆ. ಆ ಮನೇಲಿ ಒಬ್ಬ ದೊಡ್ಡಜ್ಜ ಇದ್ದ. ಅವನು ಹಿಂದೆ ಒಂದು ಮಗೂನ ಸಾಕಿದ್ದ. ಅದರ ತಾಯಿ ಪಕ್ಕದೂರಲ್ಲಿ ಕೂಲಿ ಆಳು. ಮದುವೆ ಇಲ್ದೆ ಹೆತ್ತಳು. ಅಪ್ಪ ಯಾರು ಅಂತ ಹೇಳ್ಲಿಲ್ಲ. ಮಗನಿಗೆ ತನ್ನ ಹೆಸರನ್ನೇ ಕೊಟ್ಟಳು. ಬೇರೆ ಏನಿತ್ತು ಅವಳ ಹತ್ರ ಕೊಡೋಕೆ? ದನ ಇತ್ತಾ, ಹೊಲ ಇತ್ತಾ?"

ಓಟಿಲಿ ಬೋಗುಣಿಯ ಹೊರಗೆ ಚೆಲ್ಲಿದ್ದ ಕಾಳನ್ನು ಬೆರಳಿನಿಂದ ಒಟ್ಟುಮಾಡತೊಡಗಿದಳು.

"ಅವಳು ಸತ್ತಳು. ಹುಡುಗ ದೊಡ್ಡಜ್ಜನ ಹತ್ರ ಬೆಳೆದ. ಊರು ಬಿಟ್ಟು ಹೋದ. ಸರ್ಕಾರಿ ಕೆಲಸ ಹಿಡಿದ. ತಲೆ ನರೆಯೋ ಹೊತ್ತಿಗೆ ಒಂದಿನ ವಾಪಸ್ ಬಂದ ನೋಡು, ಹಿತ್ತಾಳೆ ಗುಂಡಿ ಕೋಟು ಹಾಕ್ಕೊಂಡು. ನನ್ನ ಹೆಬ್ಬಾತುಗಳೆಲ್ಲ ಹೆದರಿ ಓಡಿದ್ವು. ಬಂದವನು ದೊಡ್ಡಜ್ಜನಿಗೆ ಹೇಳ್ದ, 'ನನಗೆ ನಿಮ್ಮ ಹೆಸರು ಬೇಕು. ಪಾದ್ರಿ ಹತ್ರ ಬನ್ನಿ.' ದೊಡ್ಡಜ್ಜ ಹೋದ. ಅಲ್ಲಿ ಪಾದ್ರಿ ಕೇಳ್ದ, 'ನೀವು ಬರೆಯೋದು ಏನಂತ?' ದೊಡ್ಡಜ್ಜ ಅಂದ, 'ಬರೆಯೋದಾ? ನಮ್ಮನೇಲಿ ಯಾರೂ ಬರೆಯಲ್ಲ ಸ್ವಾಮಿ.'"

ಓಟಿಲಿಗೆ ಬೇಡಬೇಡವೆಂದರೂ ನಗು ಬಂತು. ಅಜ್ಜಿಯೂ ನಕ್ಕಳು. ಅವಳ ಬಾಯಲ್ಲಿ ಒಂದೋ ಎರಡೋ ಹಲ್ಲು.

"ಪಾದ್ರಿ ಬೇರೆ ಸೀಮೆಯವನು, ನಮ್ಮ ಮಾತು ಅವನಿಗೆ ಹೇಗೆ ತಿಳೀಬೇಕು? 'ನಿಮ್ಮ ಹೆಸರು ಹೇಳಯ್ಯಾ' ಅಂತ ರೇಗಿದ. ದೊಡ್ಡಜ್ಜ 'ಬಾವಿಮನೆ' ಅಂದ. 'ಅದಲ್ಲ' ಅಂದ ಪಾದ್ರಿ. ಆಗ ದೊಡ್ಡಜ್ಜ ಯೋಚನೆ ಮಾಡಿ ಮಾಡಿ, ಹಲ್ಲಿಲ್ಲದ ಬಾಯಲ್ಲಿ ಆ ಇನ್ನೊಂದು ಹೆಸರು ಹೇಳ್ದ. ಪಾದ್ರಿಗೆ ಕಿವಿ ಬೇರೆ ಮಂದ, ಬಿದ್ದಷ್ಟು ಗೀಚ್ದ. ಆ ಒಂದಕ್ಷರ ಅಲ್ಲೇ ಬದಲಾಗಿದ್ದು. ಇದನ್ನ ದೊಡ್ಡಜ್ಜ ಸಾಯೋ ತನಕ ಹೇಳ್ಕೊಂಡು ನಗ್ತಿದ್ದ. ಲೋಕಾನೆಲ್ಲ ನಡುಗಿಸಿದ ಹೆಸರು, ಓಟಿಲಿ, ಒಬ್ಬ ಬೊಚ್ಚುಬಾಯಿ ಮುದುಕನದು, ಇನ್ನೊಬ್ಬ ಅರೆಗಿವುಡನದು."

"ಅಮ್ಮನ ಹೆಸರಿಗೆ ಏನಾಗಿತ್ತಂತೆ?" ಎಂದಳು ಓಟಿಲಿ. ದನಿ ಸಣ್ಣದಾಗಿತ್ತು.

"ಹಾ?"

"ಅಮ್ಮನ ಹೆಸರಿಗೆ ಏನಾಗಿತ್ತಂತೆ?"

"ಅದನ್ನೇ ದೊಡ್ಡಜ್ಜಾನೂ ಕೇಳ್ದ. ನಾನು ಒಲೆ ಹತ್ರ ಇದ್ದೆ. ಅವನು ಅಂದ, 'ಕಚೇರೀಲಿ ನಗ್ತಾರೆ.' ಅಷ್ಟೇ. ಅವಳ ಗೋರಿ ಆ ಪಾದ್ರಿ ಮನೆ ಹಿತ್ತಲಿಗೇ ಇತ್ತು, ಕಿಟಕಿ ತೆಗೆದ್ರೆ ಕಾಣ್ತಿತ್ತಂತೆ. ಹೋಗ್ಲಿಲ್ಲ. ಹಂದಿಮಾಂಸ ಊಟ ಮಾಡಿ, ಕೋಟು ಕೊಡವಿಕೊಂಡು, ಗಾಡಿ ಹತ್ತಿದ."

ಅಜ್ಜಿ ಚಾಕನ್ನು ಕೆಳಗಿಟ್ಟಳು.

"ಅವನ ಮಗ ಹಾಗಾಗಿದ್ದು ಇದರಿಂದ ಅಂತ ನಾನು ಹೇಳಲ್ಲ. ಅದೆಲ್ಲ ನಮಗೇನು ಗೊತ್ತು. ನನ್ನ ಮಗನ ವಿಷ್ಯ ಗೊತ್ತು. ಊರು ಎತ್ತಿಸಿದಾಗ ಒಬ್ಬ ಅಧಿಕಾರಿ ಬಂದು ಅವನಿಗೆ ಹೇಳ್ದ, 'ನಾವು ನಾಯಕರ ನೆಂಟರು ಅಂತ ಒಂದು ಮಾತು ಹೇಳು, ಬೇಕಾದ ಹೊಲ ಕೊಡ್ತೀನಿ.' ನನ್ನ ಮಗ ಅಂದ, 'ನಾವು ಬಾವಿಮನೆಯವರು ಸ್ವಾಮಿ, ನಮಗೆ ಅವರ ಪರಿಚಯ ಇಲ್ಲ.' ಅದಕ್ಕೇ ಆ ಗಿರಣಿ ಪಕ್ಕದ ಶೀತದ ಮನೆ ಸಿಕ್ಕಿದ್ದು. ಆ ಶೀತದಲ್ಲೇ ಕೆಮ್ಮಿ ಕೆಮ್ಮಿ ಹೋದ. ಈಗ ಅವನ ಗೋರಿ ಮೇಲೆ ಆ ಹೆಸರೇ ಇದೆ. ಬರ್ಟಲ್ ಅದರ ಮುಂದೆ ಬೇರೆ ಹೆಸರಿನವನಾಗಿ ನಿಲ್ತಾನೆ. ಅಪ್ಪ ಏನು ತಪ್ಪು ಮಾಡ್ದ ಅಂತ ಯಾರಾದ್ರೂ ಕೇಳಿದ್ರೆ, ಜನ ನಗ್ತಾರೆ ಅಂತ ಹೇಳ್ಬೇಕು. ಅಷ್ಟೇ ಹೇಳೋಕೆ ಬಂದಿದ್ದು. ನಿನ್ನ ಬಟ್ಟೆ ಅಲ್ಲಿಟ್ಟಿದ್ದೀನಿ. ಕಡುಬಿಗೆ ಉಪ್ಪು ಕಮ್ಮಿ."

ಅಜ್ಜಿಯನ್ನು ದಿಬ್ಬದ ಕೆಳಗಿನ ತನಕ ಕೈ ಹಿಡಿದು ಇಳಿಸಿ ಬಂದ ಓಟಿಲಿ, ಮತ್ತೆ ಬೋಗುಣಿಯ ಮುಂದೆ ಕೂತಳು. ಕೆಲಸ ಸಾಗಲಿಲ್ಲ. ಮುದುಕಿ ಹೇಳಿದ್ದು ಆ ಮನುಷ್ಯನ ಅಪ್ಪನ ಕಥೆ. ಓಟಿಲಿ ಕೇಳಿಸಿಕೊಂಡದ್ದು ತನ್ನದು.

ಓಟಿಲಿಯ ತಾಯಿ ಅಗ್ನೆಸ್ ಕಾಂಪ್ ನದಿಯಾಚೆಯ ಒಂದು ಒಕ್ಕಲುಮನೆಯಲ್ಲಿ ಹಾಲು ಕರೆಯುವ ಆಳಾಗಿದ್ದವಳು. ಓಟಿಲಿ ಹುಟ್ಟಿದ್ದು ಕೊಟ್ಟಿಗೆಯ ಅಟ್ಟದಲ್ಲಿ. ಮದುವೆಯಾಗುವ ತನಕ ಅವಳು ಬರೆಯುತ್ತಿದ್ದದ್ದು ತಾಯಿಯ ಹೆಸರನ್ನೇ, ಶ್ಟೀಗಲ್ ಎಂದು. ಶಾಲೆಯಲ್ಲಿ ಮಕ್ಕಳು "ಶ್ಟೀಗಲ್, ನಿಮ್ಮಪ್ಪ ಯಾವ ಎತ್ತು?" ಎಂದು ಕೇಳುತ್ತಿದ್ದರು. ದಿಬ್ಬದಮನೆಯ ಯಜಮಾನ ಅವಳನ್ನು ಮೆಚ್ಚಿ ಮದುವೆಯಾದಾಗ ಗಂಡನಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಹೊಸ ಹೆಸರು. ಹಳೆಯದನ್ನು ಹರಿದ ಕಾಲುಚೀಲದ ಹಾಗೆ ಬಿಸಾಕಿದಳು. ಎರ್ಲಾಖಿನಲ್ಲಿ ಕೇಳಿದವರಿಗೆಲ್ಲ, ತಾಯಿ ನದಿಯಾಚೆಯ ಒಬ್ಬ ರೈತನ ವಿಧವೆ ಎಂದಳು. ಮಕ್ಕಳಿಗೂ ಅದನ್ನೇ ಹೇಳಿದಳು. ಅಗ್ನೆಸ್ ಸತ್ತಾಗ ಮಣ್ಣಿಗೆ ಹೋಗಿ ಬಂದಳು, ಗೋರಿಗೆ ಕಲ್ಲು ಹಾಕಿಸಲಿಲ್ಲ. ಹಾಕಿಸಿದರೆ ಹೆಸರು ಕೆತ್ತಿಸಬೇಕಿತ್ತು.

ಕಚೇರೀಲಿ ನಗ್ತಾರೆ. ಹಂದಿಮಾಂಸ ಊಟ ಮಾಡಿ ಗಾಡಿ ಹತ್ತಿದ. ಓಟಿಲಿಗೆ ಕೋಪ ಉಕ್ಕಿತು. ಯಾರ ಮೇಲೆ ಎಂದು ನೋಡಿದರೆ ಅಲ್ಲಿ ಬೇರೆ ಯಾರೂ ಇರಲಿಲ್ಲ.

ಬುರ್ಗಿ ಹಾಲಿನ ಬಕೆಟ್ ಹಿಡಿದು ಒಳಗೆ ಬಂದಳು. ಅಮ್ಮನ ಮುಖ ನೋಡಿ, "ಅಜ್ಜಿ ಬೈದ್ರಾ?" ಎಂದಳು.

"ಕೂತ್ಕೋ. ನಿನ್ನ ಅಜ್ಜಿ ಹೆಸರೇನು ಗೊತ್ತಾ?"

"ಅಗ್ನೆಸ್."

"ಬರೆಯೋದು ಏನಂತ?"

ಬುರ್ಗಿ ಯೋಚಿಸಿದಳು. "ನೀನು ಹೇಳೇ ಇಲ್ಲ."

"ಶ್ಟೀಗಲ್. ಅಗ್ನೆಸ್ ಶ್ಟೀಗಲ್. ರೈತನ ವಿಧವೆ ಅಲ್ಲ. ಹಾಲು ಕರೆಯೋ ಆಳು. ನನಗೆ ಅಪ್ಪ ಇಲ್ಲ, ಅವಳೊಬ್ಬಳೇ ಇದ್ದದ್ದು. ಚಳಿಗಾಲದಲ್ಲಿ ಆಗಷ್ಟೇ ಕರೆದ ಬಿಸಿ ಹಾಲಿನ ಎರಡು ಬಕೆಟ್ ನಡುವೆ ನನ್ನ ಕಾಲು ಇಟ್ಟು ಬೆಚ್ಚಗೆ ಮಾಡ್ತಿದ್ದಳು." ಇಷ್ಟು ಹೇಳುವಷ್ಟರಲ್ಲಿ ಓಟಿಲಿ ಅತ್ತುಬಿಟ್ಟಳು. ಬುರ್ಗಿ ಬಕೆಟ್ ಕೆಳಗಿಟ್ಟು ಅಮ್ಮನ ಪಕ್ಕದಲ್ಲಿ ಕೂತಳು. ಅಮ್ಮ ಅಳುವುದನ್ನು ಫ್ಲೋರಿ ಹೋದ ಮೇಲೆ ಅವಳು ನೋಡಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಓಟಿಲಿ ಮೂಗು ಒರೆಸಿಕೊಂಡು, ಎಂದಿನ ದನಿಯಲ್ಲಿ ಹೇಳಿದಳು, "ಅವನಿಗೆ ಹೇಳು, ಕಚೇರಿಗೆ ಹೋಗೋದು ಬೇಡ."

"ಅಮ್ಮ?"

"ಅವರಪ್ಪನ ಹೆಸರು ಅವನಿಗಿರಲಿ. ಆದ್ರೆ ಪಾದ್ರಿ ಓದೋ ಭಾನುವಾರಗಳು ನಾನು ಚರ್ಚಿಗೆ ಬರಲ್ಲ. ಅಷ್ಟು ನನ್ನನ್ನ ಕೇಳ್ಬೇಡ. ನನ್ನ ಕಿವಿಗೆ ಅದು ಆಗಲ್ಲ."

"ಸೆನ್ಸಿ ಅಜ್ಜಿ ಕಿವಿ ಎರವಲು ತಗೋ," ಎಂದಳು ಬುರ್ಗಿ. ಅಳುತ್ತಲೇ ನಗುತ್ತಿದ್ದಳು.

ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಮದುವೆ ಕೂಡದು. ಅದರೊಳಗೆ ಮುಗಿಸಬೇಕಾದರೆ ನವೆಂಬರ್ ಹುಟ್ಟುತ್ತಲೇ ಪ್ರಕಟಣೆ ಓದಬೇಕು. ಸುದ್ದಿ ಊರು ಸುತ್ತಿತು. ಆ ಭಾನುವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷವಿಡೀ ದೇವರ ನೆನಪಾಗದವರೂ ಬಂದಿದ್ದರು. ಪಾದ್ರಿ ಓದುತ್ತಾನೋ, ನುಂಗುತ್ತಾನೋ ನೋಡಬೇಕಿತ್ತು ಅವರಿಗೆ.

ಓಟಿಲಿ ಮನೆಯಲ್ಲೇ ಕೂತಿದ್ದಳು. ಬಾಗಿಲ ಹಿಂದಿನ ಗೂಟದಲ್ಲಿ ಫ್ಲೋರಿಯ ಕೋಟು ನೇತಾಡುತ್ತಿತ್ತು. ಅವಳು ಅದನ್ನು ತೆಗೆದಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಊರಿನವರು ಅವನನ್ನು ದಿಬ್ಬದಮನೆ ಚಿಕ್ಕೆಜಮಾನ ಎಂದು ಕರೆಯುತ್ತಿದ್ದರು, ಮೀಸೆ ಮೂಡುವ ಮುಂಚಿನಿಂದ. ಮುಂದೆ ಮನೆ ನಡೆಸುವವನಿಗೆ ಇಲ್ಲಿ ಹಾಗೇ ಕರೆಯುವುದು. ಅವನು ಹೋದ ಮೇಲೆ ಯಾರೋ ಬಾಯಿತಪ್ಪಿ ಆ ಮಾತೆತ್ತಿದಾಗ, ಇನ್ನೊಮ್ಮೆ ಎತ್ತಿದರೆ ನಾಯಿ ಬಿಡುತ್ತೇನೆ ಎಂದಿದ್ದಳು ಓಟಿಲಿ. ಎತ್ತಲಿಲ್ಲ ಯಾರೂ.

ಗಂಟೆ ಹೊಡೆಯಿತು. ಮಗಳು ಅಲ್ಲಿ ಒಬ್ಬಳೇ ಬೆಂಚಿನಲ್ಲಿ ಕೂತಿರುತ್ತಾಳೆ, ಊರೆಲ್ಲ ಅವಳ ಕುತ್ತಿಗೆಯನ್ನು ನೋಡುತ್ತಿರುತ್ತದೆ. ಈ ಯೋಚನೆ ಬಂದದ್ದೇ ಓಟಿಲಿ ಎದ್ದಳು. ತಲೆಗೆ ಕರಿಬಟ್ಟೆ ಕಟ್ಟಿಕೊಂಡು, ತನ್ನನ್ನೇ ಬೈದುಕೊಳ್ಳುತ್ತ ದಿಬ್ಬ ಇಳಿದಳು.

ಅವಳು ಹೋಗಿ ಹಿಂದಿನ ಬಾಗಿಲಲ್ಲಿ ನಿಂತಾಗ ಪಾದ್ರಿ ಅಂಬ್ರೋಸ್ ಪ್ರಕಟಣೆಗೆ ಬಂದಿದ್ದ. ಒಳ್ಳೆಯ ಮನುಷ್ಯ, ಧೈರ್ಯ ಮಾತ್ರ ಕಡಿಮೆ. ಬುರ್ಗಿಯ ಹೆಸರು ಓದಿದ. ದಿಬ್ಬದಮನೆಯ ಮಗಳು ಎಂದ. "ಮತ್ತು, ಎಂಗಲ್‌ಬರ್ಟ್..." ಎಂದು ಬರ್ಟಲನ ಪೂರ್ತಿ ಹೆಸರು ಶುರು ಮಾಡಿ, ಮುಂದಿನದಕ್ಕೆ ನಿಲ್ಲಿಸಿದ. ಕೆಮ್ಮಿದ. ಕನ್ನಡಕ ತೆಗೆದು ಒರೆಸಿದ. ಗಿರಣಿಯ ಯಜಮಾನ ಪಕ್ಕದವನ ಪಕ್ಕೆ ತಿವಿದ. ಗಂಡಸರ ಸಾಲಿನಲ್ಲಿ ಬರ್ಟಲ್ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದ. ಶಿಳ್ಳೆಗೂ ತಿರುಗಿ ನೋಡುವುದನ್ನು ಕಲಿತ ಹುಡುಗ. ಅವನ ಕಿವಿಗಳು ಕೆಂಪಾಗಿದ್ದವು. ಫ್ಲೋರಿಯದೂ ಹಾಗೇ ಕೆಂಪಾಗುತ್ತಿದ್ದವು, ಪಾಠ ಒಪ್ಪಿಸಲು ಎದ್ದು ನಿಂತಾಗ.

"ಓದಿ ಫಾದರ್," ಎಂದಳು ಓಟಿಲಿ.

ಇಡೀ ಚರ್ಚು ಹಿಂದಕ್ಕೆ ತಿರುಗಿತು. ಪೂಜೆಯ ನಡುವೆ ಹೆಂಗಸು ಬಾಯಿ ಬಿಡುವುದು ಎರ್ಲಾಖಿನಲ್ಲಿ ನಡೆದಿದ್ದೇ ಇಲ್ಲ.

"ಬರೆಯೋದು ಏನಂತಿದೆಯೋ ಹಾಗೇ ಓದಿ. ಅದು ಅವರಪ್ಪನ ಹೆಸರು. ಒಳ್ಳೆ ಮನುಷ್ಯ ಅವರಪ್ಪ."

ಪಾದ್ರಿ ಓದಿದ. ಆ ಹೆಸರು ಕಲ್ಲುಗೋಡೆಗಳ ನಡುವೆ ಒಮ್ಮೆ ಕೇಳಿಸಿತು. ಓಟಿಲಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನೋವಾಯಿತು. ಆದರೆ ಅವಳು ಹೆದರಿದ್ದಷ್ಟು ದೊಡ್ಡದಾಗಿರಲಿಲ್ಲ ಅದು. ಒಬ್ಬ ಬೊಚ್ಚುಬಾಯಿ ಮುದುಕ, ಒಬ್ಬ ಅರೆಗಿವುಡ.

"ಈಗ ಕರೆಯೋದು ಏನಂತ ಅಂತಾನೂ ಓದಿ," ಎಂದಳು.

ಪಾದ್ರಿ ಹಾಳೆಯನ್ನು ಆಚೆ ಈಚೆ ತಿರುಗಿಸಿದ. "ಕರೆಯೋದು... ಅವರ ಮನೆ ಈಗ ಇಲ್ಲವಲ್ಲ ಓಟಿಲಿ. ಏನಂತ ಓದಲಿ?"

ಓಟಿಲಿ ಚೌಕಟ್ಟು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ದಿಬ್ಬದಮನೆ ಚಿಕ್ಕೆಜಮಾನ ಅಂತ."

ಬುರ್ಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆ ಮಾತಿನ ಬೆಲೆ ಏನೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಗಿರಣಿಯ ಯಜಮಾನ ಟೋಪಿಯನ್ನು ಮಡಿಲಲ್ಲಿ ಸರಿ ಮಾಡಿಕೊಂಡ. ಪಾದ್ರಿ ನಿಧಾನವಾಗಿ, ಗಟ್ಟಿಯಾಗಿ, ಈ ಸಲ ತಡವರಿಸದೆ ಓದಿದ. ಮುಂದಿನ ಸಾಲಿನಲ್ಲಿದ್ದ ಸೆನ್ಸಿ ಅಜ್ಜಿ ಕಿವಿಗೆ ಕೈ ಹಿಡಿದು, "ಏನಂದ್ರು? ಏನಂದ್ರು?" ಎಂದು ಪಕ್ಕದವಳನ್ನು ಕೇಳುತ್ತಿದ್ದಳು. ಪಕ್ಕದವಳು ಅವಳ ಕಿವಿಯಲ್ಲಿ ಹೇಳಿದಳು. ಅಜ್ಜಿ ತಲೆಯಾಡಿಸಿ, ಜಪಮಾಲೆ ತೆಗೆದುಕೊಂಡು ತುಟಿ ಅಲ್ಲಾಡಿಸತೊಡಗಿದಳು.

ಪೂಜೆ ಮುಗಿದು ಜನ ಹೊರಬಂದರು. ಅಂಗಳದಲ್ಲಿ ಮಂಜು ಕರಗಿ ಕೆಸರಾಗಿತ್ತು. ಓಟಿಲಿ ಮಗಳ ತೋಳು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು, ಬರ್ಟಲ್ ಎರಡು ಹೆಜ್ಜೆ ಆಚೆ. ಅವನು ಟೋಪಿ ತಿರುಗಿಸುತ್ತಿದ್ದ. ನದಿಯಾಚೆಗೆ ಹೋಗಬೇಕು, ಅಮ್ಮನ ಗೋರಿಗೆ ಒಂದು ಕಲ್ಲು, ಮರದ್ದಾದರೂ ಒಂದು ಶಿಲುಬೆ, ಇವನೇ ಮಾಡಿಕೊಟ್ಟಾನು ಎಂದು ಓಟಿಲಿ ಲೆಕ್ಕ ಹಾಕುತ್ತಿದ್ದಳು.

ಹಿಂದಿನಿಂದ ಗಿರಣಿಯ ಯಜಮಾನನ ದನಿ ಬಂತು. ಶಿಳ್ಳೆಯಲ್ಲ.

"ಚಿಕ್ಕೆಜಮಾನ್ರೇ, ನಮ್ಮ ಗಿರಣಿ ಬಾಗಿಲು ಕಿತ್ತು ಹೋಗಿದೆ, ಬಿಡುವಾದಾಗ ಬರ್ತೀರಾ?"

ಓಟಿಲಿ ಥಟ್ಟನೆ ತಿರುಗಿದಳು. ವರ್ಷಗಳ ಅಭ್ಯಾಸ, ಫ್ಲೋರಿ ಎಲ್ಲಿದ್ದಾನೆಂದು ಕಣ್ಣು ತಾನಾಗಿ ಹುಡುಕಿತು. ಫ್ಲೋರಿ ಇರಲಿಲ್ಲ. ಬರ್ಟಲ್ ಇದ್ದ, ತಿರುಗದೆ ಹಾಗೇ ನೆಲ ನೋಡುತ್ತ. ತನ್ನನ್ನು ಕರೆದರೆಂದು ಅವನ ತಲೆಗೇ ಹೋಗಿರಲಿಲ್ಲ.

ಓಟಿಲಿ ಹೋಗಿ ಅವನ ಕೋಟಿನ ತೋಳು ಹಿಡಿದು ಎಳೆದಳು.

"ನಿನ್ನನ್ನೇ ಕಣೋ ಕರೀತಿರೋದು," ಎಂದಳು. "ಓ ಅನ್ನು."